ಟೈಲರಕ್ಕ ಎರೆದ ಧಾರೆ

ಮೊನ್ನೆ ನನ್ನ ಹಳೆಯ ಟ್ರೈಪಾಡಿನ ಒಂದು ಕಾಲು ಬಿಗಿದುಕೊಂಡು ಕೂತಿತು. ಎಳೆದರೆ ಬರುವುದಿಲ್ಲ, ಒತ್ತಿದರೆ ಹೋಗುವುದಿಲ್ಲ. ನಮ್ಮ ಊರಿನವರಿಗೆ ಇಂಥದ್ದಕ್ಕೆಲ್ಲ ಗೊತ್ತಿರುವ ಮದ್ದು ಒಂದೇ, ತೆಂಗಿನೆಣ್ಣೆ. ಬಾಗಿಲು ಕಿರುಗುಟ್ಟಿದರೂ ಅದೇ, ಬೀಗ ತುಕ್ಕು ಹಿಡಿದರೂ ಅದೇ. ಕ್ಯಾಮೆರಾದ ಸಾಮಾನಿಗೆ ಮಾತ್ರ ಅದನ್ನು ಮುಟ್ಟಿಸಬೇಡಿ. ನಾಲ್ಕು ದಿನದಲ್ಲಿ ಅಂಟಾಗಿ, ಧೂಳು ಹಿಡಿದು, ಸಾಮಾನು ಗುಜರಿಗೆ ಹೋಗುತ್ತದೆ. ಹೊಲಿಗೆ ಮಿಷನಿನ ಎಣ್ಣೆ ಬಿಡಬೇಕು, ಅದೂ ಎರಡೇ ತೊಟ್ಟು. ಉರ್ವ ಮಾರ್ಕೆಟಿನ ಹತ್ತಿರದ ಅಂಗಡಿಯಿಂದ ಒಂದು ಸಣ್ಣ ಬಾಟಲಿ ತಂದು ಮುಚ್ಚಳ ತೆಗೆದೆ. ವಾಸನೆ ಬಂತು... ಬಾಟಲಿ ಹಿಡಿದುಕೊಂಡು ಎಷ್ಟು ಹೊತ್ತು ಹಾಗೆಯೇ ನಿಂತಿದ್ದೆನೋ ಗೊತ್ತಿಲ್ಲ. ಜನರಿಗೆ ಅದು ಮಿಷನಿನ ಎಣ್ಣೆಯ ವಾಸನೆ. ನನಗೆ ಅದು ಟೈಲರಕ್ಕನ ವಾಸನೆ.

ನನ್ನ ಮೊದಲ ಸ್ಟುಡಿಯೋ ಇದ್ದದ್ದು ಉರ್ವದಲ್ಲಿ, ಸಾಲು ಕೋಣೆಗಳ ಒಂದು ಹಂಚಿನ ಲೈನು ಕಟ್ಟಡದಲ್ಲಿ. ಸ್ಟುಡಿಯೋ ಎಂದು ನಾನು ಹೇಳುತ್ತಿದ್ದೆ, ನೋಡಿದವರು ಗೂಡು ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಟೈಲರಕ್ಕನ ಅಂಗಡಿ. ನಡುವೆ ಇದ್ದದ್ದು ಗೋಡೆಯಲ್ಲ, ಒಂದು ಹಲಗೆಯ ಅಡ್ಡ. ಅವರು ಮಿಷನ್ ತುಳಿದರೆ ನನ್ನ ಮೇಜಿನ ಮೇಲಿನ ಚಾ ಗ್ಲಾಸು ನಡುಗುತ್ತಿತ್ತು. ಮಗಳಿಗೆ ಮೂರು ವರ್ಷ ಆಗಿರುವಾಗ ಅವರ ಗಂಡ ತೀರಿಕೊಂಡಿದ್ದರು. ಆಮೇಲೆ ಆ ಮಿಷನಿನ ಮೇಲೆಯೇ ಮಗಳ ಶಾಲೆ, ಕಾಲೇಜು, ಎಲ್ಲ. ಊರಿನ ಹೆಂಗಸರೆಲ್ಲ ಅವರನ್ನು ಟೈಲರಕ್ಕ ಎಂದರು, ನಾನೂ ಹಾಗೆಯೇ ಕರೆದೆ.

ನನಗೆ ಗಿರಾಕಿ ತಂದುಕೊಟ್ಟವರು ಅವರು. ಮದುವೆಯ ರವಿಕೆ ಹೊಲಿಸಲು ಬಂದವರ ಅಳತೆ ತೆಗೆಯುತ್ತಾ, ಟೇಪು ಕುತ್ತಿಗೆಗೆ ಹಾಕಿಕೊಂಡು, ಮೆಲ್ಲ ಕೇಳುತ್ತಿದ್ದರು. "ಫೋಟೋಕ್ಕೆ ಯಾರು? ಆಚೆ ಕೋಣೆಯಲ್ಲಿ ಒಬ್ಬ ಇದ್ದಾನೆ ನೋಡಿ. ಬಾಯಿ ಸ್ವಲ್ಪ ಜಾಸ್ತಿ, ಕೆಲಸ ಅಡ್ಡಿಯಿಲ್ಲ." ಹಲಗೆಯ ಈಚೆಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಹೇಳುತ್ತಿದ್ದರು. ನನ್ನ ಸ್ಟುಡಿಯೋದ ಹಿಂದಿನ ನೀಲಿ ಪರದೆ ಹೊಲಿದುಕೊಟ್ಟದ್ದೂ ಅವರೇ. ಹೊಸ ವ್ಯಾಪಾರ ಶುರುಮಾಡುವವರಿಗೆ ನಾನು ಈಗಲೂ ಹೇಳುವುದು ಇದು: ಬೋರ್ಡು ಆಮೇಲೆ ಹಾಕಿ, ಮೊದಲು ಪಕ್ಕದ ಅಂಗಡಿಯವರನ್ನು ಚೆನ್ನಾಗಿ ಇಟ್ಟುಕೊಳ್ಳಿ.

ನಾನು ಫೋಟೋ ಕಲಿತದ್ದು ಯಾರ ಕೈಕೆಳಗೂ ಅಲ್ಲ. ಅದಕ್ಕೆ ಮೊದಲು ಮಾರ್ಕೆಟಿನಲ್ಲಿ ಪ್ಲಾಸ್ಟಿಕ್ ಬಕೆಟು, ಬುಟ್ಟಿ ಮಾರಿಕೊಂಡಿದ್ದವನು. ಕುವೈತಿನಿಂದ ಬಂದವರೊಬ್ಬರು ತಮ್ಮ ಕ್ಯಾಮೆರಾ ಮಾರುತ್ತಾರೆಂದು ಗೊತ್ತಾಗಿ, ಮೂರು ದಿನ ಅವರ ಮನೆಗೆ ಅಲೆದು ಚೌಕಾಸಿ ಮಾಡಿ ತಂದೆ. ಟ್ರೈಪಾಡನ್ನು ಮೇಲಿನಿಂದ ಪುಕ್ಕಟೆ ಹಾಕಿಸಿಕೊಂಡೆ. ಹಳೆಯ ಕ್ಯಾಮೆರಾ ಕೊಳ್ಳುವವರು ಹೊರಗಿನ ಹೊಳಪು ನೋಡಬಾರದು. ಹಿಂದಿನ ಬಾಗಿಲು ತೆರೆದು, ಬೆಳಕಿಗೆ ಹಿಡಿದು, ಒಂದೊಂದೇ ಸ್ಪೀಡಿನಲ್ಲಿ ಒತ್ತಿ ನೋಡಬೇಕು. ಈ ಕ್ಯಾಮೆರಾದ ಡಯಲಿನಲ್ಲಿ ಒಂದರಿಂದ ಸಾವಿರದವರೆಗೆ ಇತ್ತು, ಸಾವಿರವೂ ಸರಿಯಾಗಿತ್ತು. ಆಗ ನಮ್ಮ ಪೇಟೆಯ ಎಷ್ಟೋ ಮದುವೆ ಫೋಟೋದವರು ಫ್ಲ್ಯಾಶ್ ಹಾಕಿ ಅರುವತ್ತರಲ್ಲೇ ಇಡೀ ಮದುವೆ ಮುಗಿಸುತ್ತಿದ್ದರು. ನನ್ನ ಹತ್ತಿರ ಸಾವಿರ ಉಂಟು ಎಂಬುದು ನನಗೆ ಚಿನ್ನದ ಹಲ್ಲು ಇದ್ದ ಹಾಗೆ, ನಗದೆ ಇರಲು ಆಗುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ್ಯಾಮೆರಾದ ಒಳಗೆ ಒಂದು ತೆರೆ ಉಂಟು. ಒತ್ತಿದಾಗ ಅದು ತೆರೆದು ಮುಚ್ಚುತ್ತದೆ. ಮೂವತ್ತಕ್ಕೆ ಇಟ್ಟರೆ ಒಂದು ಸೆಕೆಂಡಿನ ಮೂವತ್ತನೆಯ ಒಂದು ಭಾಗ ತೆರೆದಿರುತ್ತದೆ, ಸಾವಿರಕ್ಕೆ ಇಟ್ಟರೆ ಸಾವಿರದ ಒಂದು ಭಾಗ. ಮೂವತ್ತರಲ್ಲಿ ಓಡುವುದೆಲ್ಲ ಹರಿದ ಹಾಗೆ ಬೀಳುತ್ತದೆ. ಸಾವಿರದಲ್ಲಿ ಹಾರುವ ಕಾಗೆಯ ಗರಿಯೂ ನಿಂತುಬಿಡುತ್ತದೆ. ಹಾಗಾದರೆ ಯಾವಾಗಲೂ ಸಾವಿರ ಇಟ್ಟರೆ ಆಯಿತಲ್ಲ ಎಂದು ಕೇಳಬೇಡಿ. ಅಷ್ಟು ಬೇಗ ಮುಚ್ಚಿದರೆ ಬೆಳಕು ಸಾಲುವುದಿಲ್ಲ, ಲೆನ್ಸಿನ ಕಣ್ಣು ಪೂರ್ತಿ ಅಗಲಿಸಬೇಕಾಗುತ್ತದೆ. ಕಣ್ಣು ಅಗಲಿಸಿದರೆ ನೀವು ಗುರಿಯಿಟ್ಟ ಒಂದು ವಸ್ತು ಮಾತ್ರ ಸ್ಪಷ್ಟ, ಅದರ ಹಿಂದೆ ಮುಂದೆ ಇರುವುದೆಲ್ಲ ಕರಗಿಹೋಗುತ್ತದೆ. ಒಂದು ಬೇಕಾದರೆ ಇನ್ನೊಂದು ಬಿಡಬೇಕು. ವ್ಯಾಪಾರದಲ್ಲಿ ಇದು ನನಗೆ ಚೆನ್ನಾಗಿ ಗೊತ್ತಿತ್ತು. ಫೋಟೋದಲ್ಲಿ ಗೊತ್ತಾಗಲು ಟೈಲರಕ್ಕ ಬೇಕಾಯಿತು.

ಅವರ ಮಗಳಿಗೆ ಕುದ್ರೋಳಿ ಕಡೆಯ ಒಂದು ಮನೆಯಿಂದ ಸಂಬಂಧ ಬಂತು. ಹುಡುಗ ಮಸ್ಕತ್ತಿನಲ್ಲಿ. ರಜೆ ಒಂದು ತಿಂಗಳು, ಅಷ್ಟರಲ್ಲಿ ಮದುವೆ ಆಗಿ ಅವನು ಹಿಂದೆ ಹೋಗಬೇಕು, ವೀಸಾ ಆದ ಮೇಲೆ ಹುಡುಗಿ ಹೋಗುವುದು. ಅಲ್ಲಿಯವರೆಗೆ ಕುದ್ರೋಳಿಯ ಮನೆಯಲ್ಲೇ ಇರುವುದು. ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಹುಡುಗನ ಸೋದರತ್ತೆಯದು.

ಮದುವೆ ನಡೆದದ್ದು ಟೈಲರಕ್ಕನ ಅಣ್ಣನ ಮನೆಯ ಅಂಗಳದಲ್ಲಿ, ಬಿಳಿ ಬಟ್ಟೆಯ ಶಾಮಿಯಾನದ ಕೆಳಗೆ. ಫೋಟೋದವನಿಗೆ ಅದಕ್ಕಿಂತ ಒಳ್ಳೆಯ ಬೆಳಕು ಬೇರೆ ಬೇಡ. ಬಿಸಿಲು ಬಟ್ಟೆಯಲ್ಲಿ ಸೋಸಿ ಬರುತ್ತದೆ, ಫ್ಲ್ಯಾಶ್ ಹಾಕುವ ಅಗತ್ಯ ಇಲ್ಲ. ಯಾರ ಯಾರ ಫೋಟೋ ಬೇಕು ಎಂದು ಅಣ್ಣ ಒಂದು ಪಟ್ಟಿ ಕೊಟ್ಟಿದ್ದರು. ಧಾರೆಗೆ ಅಣ್ಣ ಮತ್ತು ಅತ್ತಿಗೆ, ಆಮೇಲೆ ಹುಡುಗನ ಕಡೆಯವರು. ಟೈಲರಕ್ಕನ ಹೆಸರು ಇದ್ದದ್ದು ಒಂದೇ ಕಡೆ, ಕೊನೆಯ ಗ್ರೂಪ್ ಫೋಟೋದಲ್ಲಿ. ಯಾಕೆ ಎಂದು ನಾನು ಕೇಳಲಿಲ್ಲ. ಗಂಡ ಇಲ್ಲದವರು ಧಾರೆಗೆ ಕೈ ಹಾಕುವುದಿಲ್ಲ ಎಂಬುದು ಕೇಳದೆಯೇ ಎಲ್ಲರಿಗೂ ಗೊತ್ತಿರುವ ಮಾತು.

ಮುಹೂರ್ತ ಬಂತು. ಹುಡುಗನ ಕೈಯಲ್ಲಿ ಹುಡುಗಿಯ ಕೈ ಇಟ್ಟರು. ಅಣ್ಣ ಮತ್ತು ಅತ್ತಿಗೆ ಗಿಂಡಿಯನ್ನು ಹಿಡಿದು, ಅದರ ಮೂತಿಯಿಂದ ನೀರು ಎರೆದರು. ಧಾರೆಗೆ ನಾನು ಯಾವಾಗಲೂ ಇಡುತ್ತಿದ್ದದ್ದು ಮೂವತ್ತೇ. ಉಸಿರು ಹಿಡಿದು, ಮೊಣಕೈ ಎದೆಗೆ ಒತ್ತಿ, ಮೂರು ಫೋಟೋ ತೆಗೆದೆ. ನೀರು ಹಾಲಿನ ನೂಲಿನ ಹಾಗೆ ಇಳಿಯುವುದು, ಹಿಂದಿನ ಮುಖಗಳೆಲ್ಲ ಸ್ಪಷ್ಟ. ಪಟ್ಟಿಯ ಪ್ರಕಾರ ನನ್ನ ಕೆಲಸ ಮುಗಿಯಿತು.

ಆಗ ಹುಡುಗಿ ತಿರುಗಿ ನೋಡಿದಳು. ಟೈಲರಕ್ಕ ಶಾಮಿಯಾನದ ಕಂಬದ ಆಚೆ ನಿಂತಿದ್ದರು.

"ಅಮ್ಮ, ನೀನೂ ಒಂದು ಸಲ ಎರೆ."

ಅವರು ಬೇಡ ಬೇಡ ಎಂದು ಕೈಯಾಡಿಸಿದರು. ಹುಡುಗಿ ಕೈ ಇಳಿಸಲೇ ಇಲ್ಲ. ಎಲ್ಲರೂ ಅಣ್ಣನ ಮುಖ ನೋಡಿದರು. ಕೊನೆಗೆ ಪುರೋಹಿತರೇ, "ಬೇಗ ಆಗ್ಲಿ ಅಮ್ಮ, ಹೊತ್ತು ಮೀರ್ತದೆ" ಎಂದರು. ಟೈಲರಕ್ಕ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಗಿಂಡಿ ತೆಗೆದುಕೊಂಡರು.

ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು. ಪಟ್ಟಿಯಲ್ಲಿ ಇಲ್ಲದ ಫೋಟೋ, ಕೆಟ್ಟರೂ ಕೇಳುವವರಿಲ್ಲ ಎಂದು ನನ್ನ ತಲೆಗೆ ಬಂತು. ಡಯಲನ್ನು ಮೂವತ್ತರಿಂದ ಸಾವಿರಕ್ಕೆ ತಿರುಗಿಸಿದೆ. ಲೆನ್ಸಿನ ಕಣ್ಣು ಪೂರ್ತಿ ತೆರೆದೆ. ನೀರಿನ ಮೇಲೆ ಗುರಿಯಿಟ್ಟು ಒಂದೇ ಒಂದು ಸಲ ಒತ್ತಿದೆ. ನನ್ನ ಶೋಕೇಸಿನಲ್ಲಿ ಇಡಲು ಒಂದು ಹೊಸ ನಮೂನೆಯ ಫೋಟೋ ಬೇಕಿತ್ತು, ಅಷ್ಟೇ.

ಪ್ರಿಂಟು ಬಂದಾಗ ನಾನು ಕುಣಿದೆ. ನೀರು ಒಂದೊಂದೇ ಹನಿಯಾಗಿ ಗಾಳಿಯಲ್ಲಿ ನಿಂತಿತ್ತು, ಮಲ್ಲಿಗೆ ಮೊಗ್ಗು ಎಸೆದ ಹಾಗೆ. ಆಲ್ಬಂನಲ್ಲಿ ಅಣ್ಣ ಎರೆದ ಫೋಟೋ ಎಡಕ್ಕೆ, ಇದನ್ನು ಅದರ ಎದುರಿಗೆ ಬಲಕ್ಕೆ ಅಂಟಿಸಿದೆ. ಆಲ್ಬಂ ಕುದ್ರೋಳಿಗೆ ಹೋಯಿತು, ಹುಡುಗ ಮಸ್ಕತ್ತಿಗೆ ಹೋದ.

ಟೈಲರಕ್ಕ ಪ್ರತಿ ಆದಿತ್ಯವಾರ ಅಂಗಡಿ ಮುಚ್ಚಿ, ಒಂದು ಕೈಚೀಲದಲ್ಲಿ ಏನಾದರೂ ಕಟ್ಟಿಕೊಂಡು, ಸಿಟಿ ಬಸ್ಸಿನಲ್ಲಿ ಮಗಳನ್ನು ನೋಡಲು ಹೋಗುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಆದಿತ್ಯವಾರವೂ ಹಲಗೆಯ ಆಚೆಯಿಂದ ಮಿಷನಿನ ಸದ್ದು ಕೇಳತೊಡಗಿತು. ಮದುವೆ ಸೀಸನ್ ಅಲ್ಲ, ಅಷ್ಟೊಂದು ರವಿಕೆ ಎಲ್ಲಿಂದ ಬಂತು ಎಂದು ನನಗೆ ಆಶ್ಚರ್ಯ. ಮೂರು ನಾಲ್ಕು ವಾರ ಹಾಗೆಯೇ ಆಯಿತು. ಒಂದು ದಿನ ಮಧ್ಯಾಹ್ನ ಅವರೇ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ಕೈಯಲ್ಲಿ ಆ ಬಲಗಡೆಯ ಫೋಟೋದ ಇನ್ನೊಂದು ಪ್ರಿಂಟು, ಆಲ್ಬಂ ಮಾಡಿದಾಗ ನಾನೇ ಅವರಿಗೆ ಕೊಟ್ಟದ್ದು.

"ಮಾರಾಯ, ಒಂದು ಕೇಳ್ಲಿಕ್ಕುಂಟು. ನೀನು ನಗಬಾರದು."

"ಹೇಳಿ ಅಕ್ಕ."

"ಫೋಟೋದಲ್ಲಿ ನೀರು ಹೊಲಿಲಿಕ್ಕೆ ಆಗ್ತದಾ?"

ನಾನು ನಕ್ಕೇಬಿಟ್ಟೆ. ಅವರು ನಗಲಿಲ್ಲ. ಮತ್ತೆ ಮೆಲ್ಲ ಮೆಲ್ಲ ವಿಷಯ ಹೊರಗೆ ಬಂತು. ವೀಸಾ ಆಗಿರಲಿಲ್ಲ. ಯಾವುದೋ ಕಾಗದ ಸರಿಯಿಲ್ಲ ಎಂದು ಎರಡು ಸಲ ಹಿಂದೆ ಬಂದಿತ್ತು. ಆ ಸೋದರತ್ತೆ ಆಲ್ಬಂ ತೆಗೆದು, ಮನೆಗೆ ಬಂದ ನೆಂಟರಿಗೆಲ್ಲ ಆ ಎರಡು ಫೋಟೋ ತೋರಿಸುತ್ತಿದ್ದರಂತೆ. 'ಮಾವ ಎರೆದದ್ದು ನೋಡಿ, ನೂಲು ಎಳೆದ ಹಾಗೆ. ತಾಯಿ ಕೈ ಹಾಕಿದ್ದೇ ಹಾಕಿದ್ದು, ಧಾರೆ ತುಂಡು ತುಂಡು. ಹೀಗಾದ್ರೆ ವೀಸಾ ಎಲ್ಲಿಂದ ಬರ್ತದೆ?' ಎಂದು. ಮಗಳು ತಿರುಗಿ ಮಾತಾಡಿದಳಂತೆ, ಮನೆಯಲ್ಲಿ ಜೋರು ಜಗಳ ಆಯಿತಂತೆ.

"ನಾನು ಹೋದ್ರೆ ಅದೇ ಮಾತು. ಅವಳು ಸುಮ್ಮನಿರುದಿಲ್ಲ. ನಾನೇ ಹೋಗುದು ಬಿಟ್ಟೆ."

ನಾನು ವ್ಯಾಪಾರಿ. ತಾಪತ್ರಯ ಬಂದರೆ ಮೊದಲು ಪರಿಹಾರ ಮಾರುವವನು. "ಅದಕ್ಕೇನಕ್ಕ, ಬಲ್ಮಠದ ಕಲರ್ ಲ್ಯಾಬಿನಲ್ಲಿ ಬ್ರಶ್ಶಿನ ಕೆಲಸ ಮಾಡುವವರಿದ್ದಾರೆ. ಬಿಳಿ ಗೆರೆ ಎಳೆದು ಕೊಡ್ತಾರೆ, ಯಾರಿಗೂ ಗೊತ್ತಾಗುದಿಲ್ಲ" ಎಂದೆ.

ಅವರು ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು.

"ಅದು ಆಮೇಲೆ. ಮೊದಲು ನೀನು ನಿಜ ಹೇಳು. ನೀನು ಕಣ್ಣಿಟ್ಟು ನೋಡ್ತಾ ಇದ್ದಿ ಅಲ್ವಾ? ನನ್ನ ಕೈಯಿಂದ ಬೀಳುವಾಗ ನೀರು ತುಂಡಾಗಿತ್ತಾ?"

ಆಗ ನನಗೆ ನಗು ಹೋಯಿತು. ಅತ್ತೆ ಹೇಳಿದ್ದನ್ನು ಈ ಹೆಂಗಸು ಒಳಗೊಳಗೇ ನಂಬಿಕೊಂಡು ಕೂತಿದ್ದಾರೆ! ತನ್ನ ಕೈಯಿಂದ ಮಗಳ ಬಾಳು ತುಂಡಾಯಿತೋ ಎಂದು, ನಾಲ್ಕು ಆದಿತ್ಯವಾರ ಮಿಷನ್ ತುಳಿಯುತ್ತಾ, ಇದನ್ನೇ ಯೋಚಿಸಿದ್ದಾರೆ.

ನಾನು ಡ್ರಾಯರ್ ಎಳೆದೆ. ಕ್ಯಾಮೆರಾ ತಂದ ಹೊಸದರಲ್ಲಿ, ಬೆಳಗಿನ ಬಿಸಿಲು ಅವರ ಬಾಗಿಲಿಗೆ ಬೀಳುವ ಹೊತ್ತು, ಅವರ ಮಿಷನಿನ ಕೆಳಗಿನ ಚಕ್ರವನ್ನು ಬೇರೆ ಬೇರೆ ಸ್ಪೀಡಿನಲ್ಲಿ ತೆಗೆದು ನೋಡಿದ್ದೆ. ಆ ಪ್ರಿಂಟುಗಳು ಅಲ್ಲೇ ಇದ್ದವು. ಮೂವತ್ತರದ್ದು, ಐನೂರರದ್ದು, ಎರಡನ್ನು ಅವರ ಕೈಗೆ ಕೊಟ್ಟೆ. ಒಂದರಲ್ಲಿ ಚಕ್ರ ಬರೀ ಮಂಜು. ಇನ್ನೊಂದರಲ್ಲಿ ಒಂದೊಂದು ಕಡ್ಡಿಯೂ ಎಣಿಸಬಹುದು.

"ಇದೆಂತ, ನಾನು ಕೆಲಸ ಬಿಟ್ಟು ಕೂತ ಹಾಗೆ ಉಂಟಲ್ಲ!"

"ಕೂತದ್ದಲ್ಲ ಅಕ್ಕ. ಎರಡರಲ್ಲೂ ಚಕ್ರ ಓಡ್ತಾನೇ ಇತ್ತು. ನೀವು ತುಳಿದದ್ದು ಒಂದೇ ನಮೂನೆ. ನಾನು ತೆಗೆದದ್ದು ಬೇರೆ ಬೇರೆ. ನೀರೂ ಹಾಗೆಯೇ. ಯಾರು ಎರೆದ್ರೂ ಅದು ಬೀಳುವಾಗ ಹನಿ ಹನಿಯಾಗಿ ಒಡೀತದೆ. ನಮ್ಮ ಕಣ್ಣಿಗೆ ಅಷ್ಟು ಬೇಗ ಕಾಣುದಿಲ್ಲ, ಅದಕ್ಕೆ ನೂಲಿನ ಹಾಗೆ ಕಾಣ್ತದೆ."

ಅವರು ಎರಡೂ ಪ್ರಿಂಟನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಬಟ್ಟೆಯ ಸರಿ ಬದಿ, ತಪ್ಪು ಬದಿ ನೋಡುವವರ ಹಾಗೆ. ಅರ್ಥವಾಗಲು ನನಗೆ ಆರು ರೀಲು ಬೇಕಾಗಿತ್ತು, ಅವರಿಗೆ ಅರ್ಧ ನಿಮಿಷ ಸಾಕಾಯಿತು. ಮತ್ತೆ ಅವರು ಕೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

"ಹಾಗಾದ್ರೆ ಅಣ್ಣ ಎರೆದ ನೀರೂ ಹನಿಯೇ. ಅಣ್ಣನಿಗೆ ಒಂದು, ನನಗೆ ಒಂದು... ಯಾಕೆ ಮಾರಾಯ ಹಾಗೆ ತೆಗ್ದದ್ದು?"

"ಡಯಲ್ ಜಾರಿತು ಅಕ್ಕ. ಗಡಿಬಿಡಿಯಲ್ಲಿ."

ಅವರು ನನ್ನ ಮುಖ ನೋಡಿದರು. "ಹೌದಾ" ಎಂದು ಎದ್ದು ಹೋದರು. ಆಚೆ ಕೋಣೆಯಲ್ಲಿ ಮಿಷನಿನ ಸದ್ದು ಬಹಳ ಹೊತ್ತು ಬರಲಿಲ್ಲ.

ಮರುದಿನ ಬೆಳಿಗ್ಗೆ ಕ್ಯಾಮೆರಾ ಹಾಕಿಕೊಂಡು ಸ್ಕೂಟರಿನಲ್ಲಿ ಕುದ್ರೋಳಿಗೆ ಹೋದೆ. ಜಗಳಕ್ಕೆ ಹೋಗುವವನು ಜಗಳದ ಮುಖ ಹೊತ್ತುಕೊಂಡು ಹೋದರೆ ಬಾಗಿಲೇ ತೆರೆಯುವುದಿಲ್ಲ. "ಆಲ್ಬಂನ ಒಂದು ಫೋಟೋ ಸರಿ ಬರಲಿಲ್ಲ ಅಂತ ಗೊತ್ತಾಯ್ತು, ಸರಿ ಮಾಡಿ ಕೊಡ್ಲಿಕ್ಕೆ ಬಂದೆ" ಎಂದೆ. ಹುಡುಗಿ ಬೆಲ್ಲ ನೀರು ತಂದಿಟ್ಟಳು. ಮುಖ ಸೊರಗಿತ್ತು. ಅತ್ತೆ ಆಲ್ಬಂ ತಂದು, ನನಗೂ ಆ ಪುಟ ತೆರೆದು ತೋರಿಸಿದರು, ನಾನೇ ಅಂಟಿಸಿದ ಪುಟ.

"ಅಮ್ಮ, ಮನೆಯಲ್ಲಿ ಗಿಂಡಿ ಉಂಟಾ? ನೀವು ಹಿರಿಯರು, ಒಂದು ಸಲ ಎರೆದು ತೋರಿಸಿ. ನಿಮ್ಮ ಕೈಯದ್ದೂ ಒಂದು ಫೋಟೋ ಆಲ್ಬಂನಲ್ಲಿ ಇದ್ದರೆ ಚಂದ ಅಲ್ವಾ?"

ಹೊಗಳಿಕೆ ಎಲ್ಲಿ ಎಷ್ಟು ಬಿಡಬೇಕೆಂದು ಬಕೆಟು ಮಾರಿದವನಿಗೆ ಗೊತ್ತಿರುತ್ತದೆ. ಅತ್ತೆ ಒಳಗೆ ಹೋಗಿ ಸೀರೆ ಬದಲಾಯಿಸಿ, ಬಳೆ ಹಾಕಿಕೊಂಡೇ ಬಂದರು. ಅಂಗಳದ ತುಳಸಿಕಟ್ಟೆಯ ಹತ್ತಿರ ನಿಂತು ಎರೆದರು. ಮೂವತ್ತರಲ್ಲಿ ಮೂರು, ಸಾವಿರದಲ್ಲಿ ಮೂರು ತೆಗೆದೆ. ಅಲ್ಲಿಂದ ಸೀದಾ ಬಲ್ಮಠದ ಲ್ಯಾಬಿಗೆ. ಪ್ರಿಂಟು ಆಗುವವರೆಗೆ ಅಲ್ಲೇ ಕೂತು, ಸಂಜೆ ನಾಲ್ಕಕ್ಕೆ ಪುನಃ ಕುದ್ರೋಳಿಗೆ.

ಮೊದಲು ಸಾವಿರದ್ದನ್ನು ಕೊಟ್ಟೆ. ಅತ್ತೆ ಕನ್ನಡಕ ಏರಿಸಿಕೊಂಡರು.

"ಇದು ಯಾರ ಕೈ?"

"ನಿಮ್ಮದೇ ಅಮ್ಮ. ಬಳೆ ನೋಡಿ."

ನೋಡಿದರು. ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಹನಿಗಳು ಟೈಲರಕ್ಕನದ್ದಕ್ಕಿಂತ ಹೆಚ್ಚೇ ಒಡೆದಿದ್ದವು. ಆಮೇಲೆ ಮೂವತ್ತರದ್ದನ್ನು ಕೊಟ್ಟು, ಡಯಲ್ ತಿರುಗಿಸಿ ತೋರಿಸಿ, ಎಲ್ಲ ವಿವರಿಸಿದೆ. ನಾನು ಗೆದ್ದೆ ಎಂದುಕೊಂಡೆ. ಅತ್ತೆ ನನಗಿಂತ ಚುರುಕು.

"ಅಂದ್ರೆ ನೀವು ಇಟ್ಟ ಹಾಗೆ ಬರುದು. ಸರಿ. ಎಲ್ಲರದ್ದೂ ಒಂದು ನಮೂನೆ ತೆಗ್ದು, ಅವರದ್ದು ಮಾತ್ರ ಯಾಕೆ ಹೀಗೆ ತೆಗ್ದದ್ದು?"

ಅದೇ ಪ್ರಶ್ನೆ. ಬಾಗಿಲ ಹತ್ತಿರ ಹುಡುಗಿ ನಿಂತಿದ್ದಳು, ಅವಳೂ ಉತ್ತರಕ್ಕೆ ಕಾಯುತ್ತಿದ್ದಳು. ಡಯಲ್ ಜಾರಿತು ಎನ್ನಲು ಬಾಯಿ ತೆರೆದೆ. ತಾನು ಮಾರಿದ ಸಾಮಾನಿನಲ್ಲಿ ದೋಷ ಉಂಟು ಎಂದು ವ್ಯಾಪಾರಿ ತಾನಾಗಿ ಯಾವತ್ತೂ ಒಪ್ಪಬಾರದು, ಇದು ನಾನು ಮೊದಲು ಕಲಿತ ಪಾಠ. ಆದರೆ ಡಯಲ್ ಜಾರಿತು ಎಂದರೆ ಏನಾಗುತ್ತದೆ? ಅಷ್ಟು ಹೊತ್ತು ಜಾರದ ಡಯಲ್ ತಾಯಿ ಬಂದಾಗಲೇ ಯಾಕೆ ಜಾರಿತು ಎಂದು ಅತ್ತೆ ಕೇಳುತ್ತಾರೆ. ಅಪಶಕುನ ನೀರಿನಿಂದ ಎದ್ದು ಡಯಲಿನ ಮೇಲೆ ಕೂರುತ್ತದೆ. ಹುಡುಗಿ ಅದನ್ನೇ ಕೇಳಿಕೊಂಡು ಆ ಮನೆಯಲ್ಲಿ ಬದುಕಬೇಕು.

"ಅವರ ಫೋಟೋ ಪಟ್ಟಿಯಲ್ಲಿ ಇರಲಿಲ್ಲ ಅಮ್ಮ. ಲೆಕ್ಕಕ್ಕಿಲ್ಲದ ಫೋಟೋ ಅಂತ ನಾನು ಎಣಿಸಿದೆ. ಕೆಟ್ಟರೂ ಯಾರು ಕೇಳ್ತಾರೆ ಅಂತ, ಕ್ಯಾಮೆರಾದ ಪರೀಕ್ಷೆ ಮಾಡಿದೆ. ಬೇಕು ಅಂತಲೇ ಮಾಡಿದ್ದು. ತಪ್ಪು ನನ್ನದು, ಅವರ ಕೈಯದ್ದಲ್ಲ."

ಅತ್ತೆ ಆಲ್ಬಂ ಮುಚ್ಚಿದರು. ಹುಡುಗಿಯ ಕಡೆ ನೋಡದೆಯೇ ಕೇಳಿದರು.

"ನಿನ್ನ ಅಮ್ಮ ಬಾರದೆ ಎಷ್ಟಾಯ್ತು?"

"ನಾಲ್ಕು ಆದಿತ್ಯವಾರ."

ತಡೆಯದೆ ಬಂತು ಉತ್ತರ. ಅತ್ತೆಗೂ ಅದು ತಾಗಿರಬೇಕು.

"ಫೋನ್ ಮಾಡಿ ಬರ್ಲಿಕ್ಕೆ ಹೇಳು."

ಟೈಲರಕ್ಕನಿಗೆ ಇದ್ದ ಫೋನು ನನ್ನ ಸ್ಟುಡಿಯೋದ್ದೇ. ಅಲ್ಲಿ ಎತ್ತುವವರು ಯಾರೂ ಇಲ್ಲ, ನಾನು ಇಲ್ಲಿ ಕೂತಿದ್ದೇನೆ. ನಾನೇ ಹೇಳುತ್ತೇನೆ ಎಂದು ಎದ್ದೆ. ಅತ್ತೆ ಮೆಟ್ಟಿಲವರೆಗೆ ಬಂದರು.

"ನೀವು ಇನ್ನು ಈ ಮನೆಯ ಕಾರ್ಯಕ್ಕೆ ಫೋಟೋಕ್ಕೆ ಬರುದು ಬೇಡ."

"ಆಯ್ತು ಅಮ್ಮ."

"ಆ ನನ್ನ ಸರಿಯಾದ ಫೋಟೋ ಒಂದು ಇಟ್ಟು ಹೋಗಿ."

ಉರ್ವಕ್ಕೆ ಬರುವಷ್ಟರಲ್ಲಿ ಟೈಲರಕ್ಕ ಅಂಗಡಿ ಮುಚ್ಚುವ ತಯಾರಿಯಲ್ಲಿದ್ದರು. ಮಗಳ ಮನೆಯಿಂದ ಕರೆ ಬಂದಿದೆ ಎಂದೆ. ಅವರು ಖುಷಿಪಡಲಿಲ್ಲ. "ಅಲ್ಲಿ ನೀನು ಎಂತ ಹೇಳಿದೆ?" ಎಂದರು. ಕುದ್ರೋಳಿಯಲ್ಲಿ ಹೇಳುವುದು ಸುಲಭ ಇತ್ತು. ಇಲ್ಲಿ, ಅವರ ಎದುರು, ಅದೇ ಮಾತು ಹೇಳುವುದು ಸುಲಭ ಇರಲಿಲ್ಲ. ಆದರೂ ಹೇಳಿದೆ. ಒಂದು ಶಬ್ದ ಬಿಡದೆ.

ಅವರು ಬೊಬಿನ್ ತೆಗೆದು ಡಬ್ಬಿಗೆ ಹಾಕಿದರು. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿದರು.

"ಅಂದು ಅಲ್ಲಿದ್ದವರೆಲ್ಲ ಹಾಗೆಯೇ ಎಣಿಸಿದ್ದು. ನನಗೆ ಗೊತ್ತುಂಟು. ನಿನ್ನನ್ನು ಮಾತ್ರ ನಾನು ಅದರಲ್ಲಿ ಸೇರಿಸಿರ್ಲಿಲ್ಲ."

ಇಷ್ಟೇ ಹೇಳಿದ್ದು. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು... ಆ ಆದಿತ್ಯವಾರ ಅವರು ಅಂಗಡಿ ಮುಚ್ಚಿ ಕುದ್ರೋಳಿಯ ಬಸ್ಸು ಹತ್ತಿದರು. ಸೋಮವಾರ ಬೆಳಿಗ್ಗೆ ಎಂದಿನಂತೆ ಒಬ್ಬ ಗಿರಾಕಿಗೆ ಹೇಳುತ್ತಿದ್ದದ್ದು ಹಲಗೆಯ ಈಚೆಗೆ ಕೇಳಿಸಿತು. "ಫೋಟೋಕ್ಕೆ ಯಾರು? ಆಚೆ ಒಬ್ಬ ಇದ್ದಾನೆ. ಆದ್ರೆ ಯಾರ್ಯಾರದ್ದು ತೆಗಿಬೇಕು ಅಂತ ಸರಿಯಾಗಿ ಬರೆದು ಕೊಡಿ ಅವನಿಗೆ." ನನಗೆ ಸಿಕ್ಕಿದ ಶಿಕ್ಷೆ ಅಷ್ಟೇ. ಅದನ್ನು ಅವರು ವರ್ಷಗಟ್ಟಲೆ ಹೇಳಿದರು, ಆಮೇಲೆ ಆಮೇಲೆ ನಗುತ್ತಾ ಹೇಳಿದರು.

ವೀಸಾ ಅದರ ಪಾಡಿಗೆ ಆಯಿತು, ಕಾಗದ ಸರಿಯಾದ ಮೇಲೆ. ಮಗಳ ಬಾಣಂತನಕ್ಕೆ ಟೈಲರಕ್ಕ ಎರಡು ಸಲ ಮಸ್ಕತ್ತಿಗೆ ಹೋಗಿ ಬಂದರು. ಆ ಹನಿಯ ಫೋಟೋವನ್ನು ಅವರು ಹರಿಯಲಿಲ್ಲ. ಒಂದು ದಿನ ಅದನ್ನು ನೋಡುತ್ತಾ, "ನೀರೆಲ್ಲ ಇಷ್ಟು ಚಂದ ಬಂದಿದೆ, ನನ್ನ ಮುಖ ಯಾಕೆ ಮಾರಾಯ ಹೀಗೆ ಅಳಿಸಿದ ಹಾಗೆ?" ಎಂದು ಕೇಳಿದರು. ಸಾವಿರ ಬೇಕಾದರೆ ಲೆನ್ಸಿನ ಕಣ್ಣು ಅಗಲಿಸಬೇಕು, ಅಗಲಿಸಿದರೆ ಹಿಂದಿನದ್ದು ಕರಗುತ್ತದೆ ಎಂದೆ. "ಓಹೋ, ಅದಕ್ಕೆ ಕೊಟ್ಟದ್ದು ನನ್ನ ಮುಖವಾ?" ಎಂದು ನಕ್ಕರು. ಚೆನ್ನಾಗಿ ಒಂದು ತೆಗೆದುಕೊಡುತ್ತೇನೆ, ನಾಳೆಯೇ ಕೂತುಕೊಳ್ಳಿ ಎಂದೆ. ಈ ರವಿಕೆ ಮುಗಿಯಲಿ ಎಂದರು. ಮತ್ತೆ ಇನ್ನೊಂದು ರವಿಕೆ. ನಡುವೆ ನಾನು ದೊಡ್ಡ ಅಂಗಡಿಗೆ ಹೋದೆ, ಲೈನು ಕಟ್ಟಡ ಕೆಡವಿದರು, ಅವರು ಮಿಷನನ್ನು ಮನೆಗೆ ಕೊಂಡುಹೋದರು... ಹೇಳುವುದಾದರೆ ಅಂಥ ಕಾರಣಗಳು ಬೇಕಾದಷ್ಟು ಸಿಗುತ್ತವೆ.

ಅವರು ತೀರಿಕೊಂಡಾಗ ಮಗಳು ಫೋನ್ ಮಾಡಿದಳು. ಅಮ್ಮನ ಒಂದು ಒಳ್ಳೆಯ ಫೋಟೋ ಇರಬಹುದಾ ಅಣ್ಣ ಎಂದು. ಎರಡು ದಿನ ಹಳೆಯ ನೆಗೆಟಿವ್‌ಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಮದುವೆಯ ಕೊನೆಯ ಗ್ರೂಪ್ ಫೋಟೋದ ಹೊತ್ತಿಗೆ ಅವರು ಅಡುಗೆಯ ಕಡೆ ಇದ್ದಿರಬೇಕು, ಅದರಲ್ಲೂ ಇಲ್ಲ. ಇದ್ದದ್ದು ಮುಖ ಕರಗಿದ ಆ ಹನಿಯ ಫೋಟೋ ಒಂದೇ. ಪಾಸ್‌ಪೋರ್ಟಿಗೆ ಏಜೆಂಟ್ ಬೇರೆಲ್ಲೋ ತೆಗೆಸಿದ್ದು ಮಾಸಿಹೋಗಿತ್ತು. ಕಡೆಗೆ ಮತದಾರರ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿ ಫ್ರೇಮು ಹಾಕಿಸಿದರು. ಪೇಟೆಯ ಇಷ್ಟು ಮನೆಗಳ ಗೋಡೆಗೆ ಫ್ರೇಮು ಕೊಟ್ಟವನು ನಾನು.

ಈಗ ಕ್ಯಾಮೆರಾದಲ್ಲಿ ಎಂಟು ಸಾವಿರದವರೆಗೆ ಉಂಟು. ಈಗಿನ ಹುಡುಗ ಹುಡುಗಿಯರಿಗೆ ಧಾರೆಯ ನೀರು ಹನಿ ಹನಿಯಾಗಿಯೇ ಬೇಕು, ಮೊಬೈಲಿನಲ್ಲಿ ನಮೂನೆ ತೋರಿಸಿ ಇದೇ ಬೇಕು ಎನ್ನುತ್ತಾರೆ. ತುಂಡಾದ ಧಾರೆ ಎಂದು ಯಾರೂ ಹೇಳುವುದಿಲ್ಲ. ಕೊಡುತ್ತೇನೆ, ಗಿರಾಕಿ ಕೇಳಿದ್ದನ್ನು ಕೊಡಬೇಕು. ಆದರೆ ನನ್ನ ಹತ್ತಿರ ಕೆಲಸ ಕಲಿಯಲು ಬಂದವರಿಗೆ ಒಂದು ಮಾತು ಹೇಳಿಯೇ ಕ್ಯಾಮೆರಾ ಕೈಗೆ ಕೊಡುವುದು. ಸ್ಪೀಡು ಎಷ್ಟು ಇಡಬೇಕು ಎಂದು ಬೆಳಕನ್ನು ಮಾತ್ರ ಕೇಳಬೇಡಿ. ಹಿಂದೆ ಯಾರು ನಿಂತಿದ್ದಾರೆ ನೋಡಿ. ಕರಗುವುದು ಯಾರ ಮುಖ ಎಂದು ತಿಳಿದುಕೊಂಡು ಆಮೇಲೆ ತಿರುಗಿಸಿ.

ಇನ್ನೊಂದು ಉಂಟು. ಮದುವೆ ಮನೆಯಲ್ಲಿ ಪುರೋಹಿತರ ಮಾತು ಮೀರುವವರಿದ್ದಾರೆ, ಹಿರಿಯರ ಮಾತು ಮೀರುವವರಿದ್ದಾರೆ. ಫೋಟೋದವನ ಮಾತನ್ನು ಮಾತ್ರ ಯಾರೂ ಮೀರುವುದಿಲ್ಲ. ಸರಿಯಿರಿ ಎಂದರೆ ಸರಿಯುತ್ತಾರೆ, ಬನ್ನಿ ಎಂದರೆ ಬರುತ್ತಾರೆ. ಕಳೆದ ವಾರ ಒಂದು ಮದುವೆಯಲ್ಲಿ ಹುಡುಗಿಯ ತಾಯಿ ಹಿಂದಿನ ಸಾಲಿನ ಕುರ್ಚಿಗಳ ಹತ್ತಿರ ನಿಂತಿದ್ದರು, ಖಾಲಿ ಹಣೆ. ಎರಡು ಕಡೆಯವರೂ ಎರೆದು ಮುಗಿದಿತ್ತು. "ಹುಡುಗಿಯ ಅಮ್ಮ ಎಲ್ಲಿ? ಫೋಟೋಕ್ಕೆ ಬೇಕು, ಬೇಗ ಬನ್ನಿ, ಗಿಂಡಿ ಹಿಡಿರಿ" ಎಂದು ಜೋರಾಗಿ ಕೂಗಿದೆ. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಅವರು ಬಂದು ಹಿಡಿದಾಗಿತ್ತು. ಇದನ್ನು ನಾನು ಎಷ್ಟು ವರ್ಷದಿಂದ ಮಾಡುತ್ತಿದ್ದೇನೆಂದು ಟೈಲರಕ್ಕನಿಗೆ ಹೇಳಿರಲಿಲ್ಲ. ಹೇಳಬೇಕಿತ್ತು.

ಆ ತಾಯಿಯದ್ದನ್ನು ಮೂವತ್ತರಲ್ಲೇ ತೆಗೆದೆ. ಅವರಿಗೆ ಅಳು ತಡೆಯಲಿಲ್ಲ, ಕೈ ನಡುಗಿತು. ಫೋಟೋದಲ್ಲಿ ಮುಖ ಸ್ಪಷ್ಟ ಬಂದಿದೆ, ಬೆರಳುಗಳು ಮಾತ್ರ ಸ್ವಲ್ಪ ಮಂಜು. ಕಂಪ್ಯೂಟರಿನಲ್ಲಿ ಸರಿ ಮಾಡಬಹುದಿತ್ತು, ಮಾಡಲಿಲ್ಲ. ಅದನ್ನು ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಟೈಲರಕ್ಕ ಮಗಳ ಕೈಗೆ ನೀರು ಎರೆದಾಗ ಅವರ ಕೈ ನಡುಗಿತ್ತೇ? ನಾನು ಎದುರಿಗೇ ಇದ್ದೆ, ನೋಡುತ್ತಿದ್ದದ್ದು ನೀರನ್ನು. ಫೋಟೋದಲ್ಲಿ ಗೊತ್ತಾಗುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಯಾರ ಕೈಯೂ ನಡುಗುವುದಿಲ್ಲ. ಕೇಳೋಣವೆಂದರೆ ಅವರಿಲ್ಲ.